ದೊಡ್ಡವ್ವನ ನಡಿಗೆ, ನನ್ನ ಓಟ

ದೊಡ್ಡವ್ವನ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದ, ದಪ್ಪ. ಅಂಚಿಗೆ ಮಾಸದ ಹಸಿರು ಕಲೆ. ಮೂವತ್ತು ವರ್ಷ ಹತ್ತಿಯ ಮೊಗ್ಗು ಸೀಳಿದ ಉಗುರು ಅದು. ರಾಣೆಬೆನ್ನೂರಿನ ಸುತ್ತಲಿನ ಬೀಜದ ಹೊಲಗಳಲ್ಲಿ ಈ ಕೆಲಸಕ್ಕೆ ಎಲ್ಲರೂ ಕ್ರಾಸಿಂಗ್ ಅನ್ನುತ್ತಾರೆ. ನಾಳೆ ಅರಳುವ ಮೊಗ್ಗನ್ನು ಇವತ್ತು ಸಂಜೆ ಉಗುರಿನಿಂದ ಬಿಡಿಸಿ ಅದರ ಪರಾಗದ ಎಳೆ ತೆಗೆಯಬೇಕು, ಬೆಳಿಗ್ಗೆ ಬೇರೆ ತಳಿಯ ಹೂವು ತಂದು ಅದಕ್ಕೆ ಸವರಬೇಕು. ಇದನ್ನು ಮಾಡುವ ಹದಿನಾಲ್ಕು ಹೆಂಗಸರ ಗುಂಪಿಗೆ ದೊಡ್ಡವ್ವನೇ ಮುಂದಾಳು. ನನಗೆ ಆಕೆ ರಕ್ತಸಂಬಂಧಿಯಲ್ಲ, ಗೋಡೆಸಂಬಂಧಿ. ಎರಡೂ ಮನೆಗೆ ನಡುವಿನ ಗೋಡೆ ಒಂದೇ. ಈ ಕಡೆ ನಾನು ಸೀನಿದರೆ ಆ ಕಡೆಯಿಂದ "ಕಷಾಯ ಕುಡಿ ಲೇ" ಎಂಬ ದನಿ ಕೇಳುತ್ತದೆ.

ಹೋದ ಚಳಿಗಾಲದಲ್ಲಿ ದೊಡ್ಡವ್ವನಿಗೆ ಲಕ್ವ ಹೊಡೆಯಿತು. ಎಡಗಡೆ ಪೂರ್ತಿ ಸೋತಿತು. ಆಸ್ಪತ್ರೆಯಿಂದ ಬಂದು ಕೋಲೂರಿ ಅಂಗಳದಲ್ಲಿ ನಡೆಯತೊಡಗಿದಾಗ ಓಣಿಯವರೆಲ್ಲ 'ಪಾಪ' ಅಂದರು. ನಾನು ಆ ನಡಿಗೆಯನ್ನು ಕಲಿತುಕೊಂಡೆ.

ನನ್ನ ಚಟವೇ ಅದು. ಬ್ಯಾಡಗಿಯಲ್ಲಿ ನಾನು ಕೆಲಸ ಮಾಡುವ ಮೆಣಸಿನಕಾಯಿ ಅಂಗಡಿಯ ಮಾಲೀಕರು ಸೀನು ಬರುವ ಮುನ್ನ ಆಕಾಶ ನೋಡುವುದು, ಬಸ್ಸಿನ ಕಂಡಕ್ಟರ್ ಚಿಲ್ಲರೆ ಇಲ್ಲವೆನ್ನುವಾಗ ಕತ್ತು ತಿರುಗಿಸುವುದು, ಎಲ್ಲವೂ ನನ್ನಲ್ಲಿ ಜಮೆಯಾಗಿವೆ. ಹಾವೇರಿಯ ಡಾಕ್ಟರ್ ನನ್ನ ರಕ್ತದ ಚೀಟಿ ನೋಡಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, "ಶುಗರ್ ನಿಮ್ಮ ಹೊಸ್ತಿಲದಾಗ ನಿಂತೈತ್ರಿ. ನಡದ್ರ ಹೊರಗ, ಕುಂತ್ರ ಒಳಗ" ಅಂದದ್ದನ್ನೂ ಚೆನ್ನಾಗಿ ಮಾಡುತ್ತೇನೆ. ಜನ ನಕ್ಕು ನಕ್ಕು ಸುಸ್ತಾಗುತ್ತಾರೆ. ನಡೆಯುವುದೊಂದು ಮಾತ್ರ ನನ್ನಿಂದ ಆಗಿರಲಿಲ್ಲ.

ತಯಾರಿಗೇನೂ ಕೊರತೆಯಿರಲಿಲ್ಲ. ಓಡುವವರ ಬೂಟೇ ಬಂದಿತ್ತು. ಪಾದ ಹೇಗೆ ಊರಬೇಕು, ಉಸಿರು ಯಾವಾಗ ಬಿಡಬೇಕು ಎಂದು ಹೇಳುವ ವಿಡಿಯೋಗಳನ್ನು ಮಲಗಿಕೊಂಡೇ ನೋಡಿ ಮುಗಿಸಿದ್ದೆ. ಪ್ರತಿ ಸೋಮವಾರ ಶುರು ಮಾಡುವುದೆಂದು ನಿರ್ಧಾರ. ಸೋಮವಾರ ಹತ್ತು ನಿಮಿಷ ತಡವಾಗಿ ಎದ್ದರೆ ಆ ವಾರವೇ ರದ್ದು. ಒಮ್ಮೆ ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ಓಡುವ ಹಾಗೆ ಮಾಡಿ ನೋಡಿದೆ. ಹೊಟ್ಟೆ ಮುಂದೆ, ನಾನು ಹಿಂದೆ, ಮೊಣಕೈ ಎರಡೂ ಕೋಳಿಯ ರೆಕ್ಕೆ. ನನ್ನಂಥವನೊಬ್ಬ ಇದನ್ನು ನೋಡಿದರೆ ಊರಿಗೆಲ್ಲ ಮಾಡಿ ತೋರಿಸುತ್ತಾನೆ ಅನ್ನಿಸಿತು. ಬೂಟು ಡಬ್ಬಿಗೆ ಹೋಯಿತು.

ಒಂದು ಸಂಜೆ ನಮ್ಮ ಮನೆಯ ಕಟ್ಟೆಯ ಮುಂದೆ ಗೆಳೆಯರಿಗೆ ದೊಡ್ಡವ್ವನ ನಡಿಗೆ ಮಾಡಿ ತೋರಿಸುತ್ತಿದ್ದೆ. ಎಡಗಾಲು ಎಳೆದೆ, ಬಾಯಿ ವಾರೆ ಮಾಡಿದೆ. ನಗು ಥಟ್ಟನೆ ನಿಂತಿತು. ತಿರುಗಿದರೆ ದೊಡ್ಡವ್ವ ತನ್ನ ಬಾಗಿಲಲ್ಲಿ ನಿಂತಿದ್ದಾಳೆ.

"ಇನ್ನೊಮ್ಮೆ ಮಾಡು" ಅಂದಳು.

"ತಪ್ಪಾತು ಬೇ ದೊಡ್ಡವ್ವ."

"ತಪ್ಪು ಒಪ್ಪು ಆಮ್ಯಾಲ. ಬಾಯಿದು ಬ್ಯಾಡ, ಕಾಲಿಂದಷ್ಟ ಮಾಡು. ನಾ ಹೆಂಗ ನಡೀತೇನಿ ಅನ್ನೂದು ನನಗ ಕಾಣೂದಿಲ್ಲಲೇ."

ಬೆವರುತ್ತಾ ಮಾಡಿದೆ. ಆಕೆ ನನ್ನ ಪಾದವನ್ನೇ ನೋಡಿದಳು.

"ಮುಂಗಾಲು ಮ್ಯಾಲ ಏಳವಲ್ದೇನು ನಂದು?"

"ಏಳವಲ್ದು. ಬೆರಳು ನೆಲಾ ಗೀರ್ತಾವು."

"ಮನ್ಯಾಗ ಎಲ್ಲಾರೂ ಈಗ ಚೊಲೋ ನಡೀತಿ ಅಂತಾರ."

"ಸುಳ್ಳ ಹೇಳ್ತಾರ ಬೇ."

ದೊಡ್ಡವ್ವ ತಲೆಯಾಡಿಸಿದಳು. ಶ್ರಾವಣಕ್ಕೆ ಹತ್ತಿಯ ಕ್ರಾಸಿಂಗ್ ಶುರು. ಅಷ್ಟರೊಳಗೆ ಹೊಲದ ಬದುವಿನ ಮೇಲೆ ಕೋಲಿಲ್ಲದೆ ನಡೆಯದಿದ್ದರೆ ಹೊಲದವರು ಗುಂಪನ್ನು ಬೇರೆಯವಳಿಗೆ ಒಪ್ಪಿಸುತ್ತಾರೆ. "ಆಮ್ಯಾಲ ನಾ ಮನ್ಯಾಗ ಕುಂತು ಗ್ವಾಡಿ ನೋಡಬೇಕು" ಅಂದಳು. "ನಾಳಿಂದ ಮುಂಜಾನೆ ಆರಕ್ಕ ಬಾ. ಜೋಡಿ ನಡಿ, ನೋಡಕೋತ ಇರು. ವಾರಕ್ಕೊಮ್ಮೆ ಮಾಡಿ ತೋರ್ಸು."

"ಸೋಮವಾರದಿಂದ ಬರ್ತೇನಿ."

"ನಾಳಿ ಯಾವ ವಾರ?"

"ಗುರುವಾರ."

"ಗುರುವಾರ ಕಾಲು ಇರೂದಿಲ್ಲೇನು ನಿನಗ?"

ಗುರುವಾರ ನಾವು ಓಣಿಯ ತುದಿಯ ನೀರಿನ ಟಾಕಿಯವರೆಗೆ ಹೋಗಿ ಬಂದೆವು. ಅಷ್ಟಕ್ಕೇ ಅರ್ಧ ಗಂಟೆ. ಚಹಾ ಅಂಗಡಿಯಲ್ಲಿ ಕುಳಿತವರೆಲ್ಲ ನಮ್ಮನ್ನೇ ನೋಡಿದರು. ನಾನು ಮುದುಡಿಕೊಂಡೆ. ದೊಡ್ಡವ್ವ, "ನೋಡ್ಲಿ ಬಿಡು, ಚಾ ಆರಿದ ಮ್ಯಾಲ ತಾವ ಆ ಕಡೆ ತಿರಗ್ತಾರ" ಅಂದಳು.

ನಾಲ್ಕನೇ ವಾರ ನಾನೊಂದು ದಡ್ಡತನ ಮಾಡಿದೆ. ಕಾಲಿನಲ್ಲಿ ಏನೂ ಬದಲಾವಣೆ ಕಂಡಿರಲಿಲ್ಲ. ಆಕೆಯ ಮುಖ ನೋಡಿ, ಇದ್ದದ್ದನ್ನು ಇದ್ದಂತೆ ತೋರಿಸುವ ಮನಸ್ಸಾಗಲಿಲ್ಲ. ಪಾದವನ್ನು ಒಂದಿಷ್ಟು ಎತ್ತಿ ನಡೆದು ತೋರಿಸಿದೆ. ದೊಡ್ಡವ್ವ ಕೋಲಿನಿಂದ ನನ್ನ ಮೀನಖಂಡಕ್ಕೆ ತಟ್ಟಿದಳು.

"ಇದು ಯಾರ ಕಾಲು?"

ಎತ್ತಿದ ಪಾದ ಕೆಳಗಿಟ್ಟೆ.

"ಪಾಪ ಅನ್ನಾಕ ಓಣಿ ತುಂಬ ಮಂದಿ ಅದಾರ. ನೀ ಖರೇ ಮಾಡ್ತಿ ಅಂತ ಕರದೇನಿ. ಖರೇದ್ದು ಮಾಡು."

ಖರೇದ್ದು ಮಾಡಿದೆ. ಬೆರಳು ನೆಲ ಗೀರಿತು. ದೊಡ್ಡವ್ವ ಸ್ವಲ್ಪ ಹೊತ್ತು ಕುಳಿತಳು, ಎದ್ದಳು, ಟಾಕಿ ದಾಟಿ ಇನ್ನೂ ಎರಡು ಲೈಟುಕಂಬ ಮುಂದೆ ಹೋದಳು. ಅವತ್ತೇ ನಾನೂ ಬೂಟು ಹೊರಗೆ ತೆಗೆದೆ. ಆಕೆ ಒಂದು ಕಂಬ ನಡೆಯುವಷ್ಟರಲ್ಲಿ ನಾನು ಮೂರು ಕಂಬ ಓಡಿ ತಿರುಗಿ ಬರುವುದು ಎಂದಾಯಿತು. ಏದುಸಿರು ಬಿಡುತ್ತಿದ್ದೆ, ಪಾದ ವಿಡಿಯೋದವರು ಹೇಳಿದಂತೆ ಒಮ್ಮೆಯೂ ಊರಲಿಲ್ಲ.

ನಡುವೆ ಗಳಗನಾಥದಲ್ಲಿ ನಮ್ಮವರ ಮದುವೆ ಬಂತು. ನಾಲ್ಕು ದಿನ ಹೋಳಿಗೆ ಮೆದ್ದು ಬಂದೆ. ಐದನೆಯ ದಿನ, ಕೆಟ್ಟದ್ದು ಕೆಟ್ಟಿತು, ಮುಂದಿನ ತಿಂಗಳು ಮೊದಲಿನಿಂದ ಶುರು ಮಾಡೋಣ ಎಂದು ಮುಸುಕು ಹಾಕಿದೆ. ಗೋಡೆಗೆ ಕೋಲು ಬಡಿಯಿತು. ಎದ್ದು ಹೋಗಿ ನಾಲ್ಕು ದಿನ ತಪ್ಪಿದ್ದನ್ನು ಅಳುಮೋರೆಯಲ್ಲಿ ಒಪ್ಪಿಸಿದೆ.

"ಹೊಸಾ ಹುಡಿಗೇರು ಹಿಂಗ ಮಾಡ್ತಾವು" ಅಂದಳು. "ಮೊಗ್ಗು ಬಿಡಸೂವಾಗ ಒಂದು ಹರೀತು ಅಂದ್ರ ಅದನ್ನ ಕೈಯಾಗ ಹಿಡಕೊಂಡು ಅಳಕೋತ ನಿಂದರ್ತಾವು. ಹರದದ್ದು ಒಗದು ಮುಂದಿನ ಗಿಡಕ್ಕ ಹೋಗಬೇಕಲೇ. ಹೊತ್ತು ಮುಣಗೂದ್ರಾಗ ಸಾಲು ಮುಗೀಬೇಕು. ನಡಿ."

ಶ್ರಾವಣದಲ್ಲಿ ಕ್ರಾಸಿಂಗಿನ ಮೊದಲ ಸಂಜೆ ನಾನೂ ಹೊಲಕ್ಕೆ ಹೋಗಿದ್ದೆ. ಕೋಲನ್ನು ನನ್ನ ಕೈಗೆ ಕೊಟ್ಟು ದೊಡ್ಡವ್ವ ಬದು ಹತ್ತಿದಳು. ಹದಿನಾಲ್ಕೂ ಹೆಂಗಸರು ಮಾತು ನಿಲ್ಲಿಸಿ ನಿಂತರು. ಅರ್ಧ ದಾರಿಯಲ್ಲಿ ಕಾಲು ತೊಡರಿ ಸಾಲಿನೊಳಗೆ ಬಿದ್ದಳು. ನಾನು ಎತ್ತಲು ಓಡಬೇಕೆನ್ನುವಷ್ಟರಲ್ಲಿ ಬಲಗೈ ಎತ್ತಿ ತಡೆದಳು. ತನ್ನ ಮೈಕೆಳಗೆ ಮುರಿದ ಟೊಂಗೆ ಒಗೆದು, ನೆಲಕ್ಕೆ ಕೈಯೂರಿ ಎದ್ದು, ಆ ತುದಿ ಮುಟ್ಟಿ ಅಲ್ಲಿಂದ ಕೂಗಿದಳು: "ನನ್ನ ಏನ ನೋಡ್ತೀರಿ, ಮೊಗ್ಗು ನೋಡ್ರಿ."

ಗುಂಪು ಆಕೆಯ ಕೈಯಲ್ಲೇ ಉಳಿಯಿತು. ಬೆಳಿಗ್ಗೆ ಆರಕ್ಕೆ ಆಕೆ ಹೊಲಕ್ಕೆ ಹೊರಡುವುದರಿಂದ ಈಗ ಗೋಡೆ ಬಡಿಯುವವರಿಲ್ಲ. ಮೊದಲ ದಿನ ಒಬ್ಬನೇ ಅಂಗಳದಲ್ಲಿ ಬಹಳ ಹೊತ್ತು ನಿಂತೆ. ಯಾರಿಗಾಗಿ ಹೋಗಬೇಕು, ನೋಡಿದವರು ಏನೆಂದಾರು ಎಂಬ ಹಳೆಯ ಅಳುಕೆಲ್ಲ ಒಟ್ಟಿಗೆ ಬಂದು ಕಾಲು ಕಟ್ಟಿತು. ಲೇಸು ಎಳೆದು ಬಿಗಿದುಕೊಂಡು ಹೊರಟೆ.

ಊರು ದಾಟಿದ ಮೇಲೆ ಹಿಂದಿನಿಂದ ಹೊಲಕ್ಕೆ ಹೋಗುವ ಟೆಂಪೋ ಬಂತು. ನನ್ನನ್ನು ದಾಟುತ್ತಲೇ ಒಳಗಿನ ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ದೊಡ್ಡವ್ವ ಹಿಂದಿನ ಸೀಟಿನಲ್ಲಿ ನನ್ನ ಓಟ ಮಾಡಿ ತೋರಿಸುತ್ತಿದ್ದಳು. ಹೊಟ್ಟೆ ಮುಂದೆ, ಕತ್ತು ಒಳಗೆ, ಬಾಯಿ ತೆರೆದು ಏದುಸಿರು, ಒಂದೂ ಬಿಟ್ಟಿರಲಿಲ್ಲ. ನನ್ನ ರೆಕ್ಕೆಗಳನ್ನು ತೋರಿಸಲು ಆಕೆಯ ಬಲ ಮೊಣಕೈ ಎದ್ದಿತು. ಅದರ ಜೊತೆ ಸೋತ ಎಡದ್ದೂ ಎದ್ದಿತು, ಪೂರಾ ಅಲ್ಲ, ಎದೆಮಟ್ಟಕ್ಕೆ.

ನಾನು ನಿಲ್ಲಲಿಲ್ಲ. ಟೆಂಪೋ ತಿರುವಿನಲ್ಲಿ ಮರೆಯಾಗುವವರೆಗೆ, ಆಕೆಗೆ ಚೆನ್ನಾಗಿ ಕಾಣಲಿ ಎಂದು, ಎರಡೂ ಮೊಣಕೈಗಳನ್ನು ಇನ್ನಷ್ಟು ಎತ್ತೆತ್ತಿ ಬೀಸುತ್ತ ಓಡಿದೆ.