ಹಸಿದ ಕೌದಿ

ನಮ್ಮ ಗೌರತ್ತಿಯ ಮೇಲ್ದುಟಿ ಎಡಕ್ಕೆ ಒಂಚೂರು ಎದ್ದಿತೆಂದರೆ ಮುಗಿಯಿತು, ಎದುರಿಗಿದ್ದವರ ಮಾನ ಉಳಿಯುತ್ತಿರಲಿಲ್ಲ. ನಮ್ಮೂರು ತಾಂಬಾದಲ್ಲಿ ಅವಳ ಬಾಯಿಗೆ ಸಿಗದವರೇ ಇಲ್ಲ. ಕಪಾಟಿನ ತುಂಬ ಹೊಸ ತಾಟು ಜೋಡಿಸಿಟ್ಟು ಬಂದವರಿಗೆ ಪತ್ರಾಳಿಯಲ್ಲಿ ಬಡಿಸುವವರನ್ನು ಕಂಡರೆ, "ವಾಪರಸಲಾರದ್ದು ಇದ್ದರೇನು, ಸುಟ್ಟರೇನು?" ಎನ್ನುತ್ತಿದ್ದಳು. ನಾನು ಅವಳ ತಮ್ಮನ ಮಗಳು. ನನಗೂ ಮಾಫಿ ಇರಲಿಲ್ಲ.

ಹಳೇ ಸೀರೆ, ಧೋತರ ಕೂಡಿಸಿ ಅವಳು ಹೊಲಿದ ಕಡೆಯ ಕೌದಿ ನನ್ನ ಮಗಳ ಬಾಣಂತನಕ್ಕೆಂದು. ಕೌದಿ ಮುಗಿಸುವಾಗ ಒಂದು ಮೂಲೆಯೊಳಗೆ ಹೋಳಿಗೆಯ ಚೂರಿಟ್ಟು ಬಾಯಿ ಹೊಲಿಯುವುದು ನಮ್ಮ ಮನೆಯ ಪದ್ಧತಿ. "ಕೌದಿ ಹಸದಿರಬಾರದು. ಹಸದ ಕೌದಿ ಕೂಸಿನ ಮೈ ಬೆಚ್ಚಗ ಇಡಂಗಿಲ್ಲ," ಎನ್ನುತ್ತಿದ್ದಳು. ಹೆರಿಗೆಗೆ ಇನ್ನೂ ದಿನವಿತ್ತು. ಅಷ್ಟರಲ್ಲಿ ಬೆಂಗಳೂರಿನ ಒಂದು ಗ್ಯಾಲರಿಯ ಹುಡುಗಿ ಬಂದು, ಪ್ರದರ್ಶನ ಮುಗಿಯುವವರೆಗೆ ಕೊಡಿ ಎಂದು ಗೋಗರೆದು ಒಯ್ದಳು. ಅತ್ತಿ ಒಪ್ಪಿದ್ದು ಒಂದೇ ಕರಾರಿಗೆ: "ತರಾಕ ನಾನ ಬರ್ತೇನಿ."

ಪ್ರದರ್ಶನ ಮುಗಿಯುವ ದಿನ ನನ್ನನ್ನೂ ಕರಕೊಂಡು ಬಂದಳು. ಗ್ಯಾಲರಿಯಿದ್ದ ಓಣಿಗೆ ಕಲೆಯ ಓಣಿಯೆಂದೇ ಹೆಸರಂತೆ. ಗೋಡೆಗೊಂದು ಚಿತ್ರ, ಹೆಜ್ಜೆಗೊಂದು ಹೋಟೆಲು, ಹೊತ್ತು ಮುಳುಗಿದ್ದೇ ಢಂ ಢಂ ಹಾಡು. ಅಗಲವಾದ ತಾಟಿನ ನಡುವೆ ಚಮಚೆಯಷ್ಟು ಊಟ ನೋಡಿ, "ಯಾರೋ ಉಂಡು ಬಿಟ್ಟಾರ, ಒಯ್ಯಂತ ಹೇಳ," ಎಂದಳು. ಬೇಕಂತಲೇ ಗಿಲಾವು ಕೆತ್ತಿ ಇಟ್ಟಂಗಿ ಕಾಣಿಸಿದ್ದ ಗೋಡೆಗೆ, "ನಮ್ಮ ಮನಿ ಹಿಂಗಾದ್ರ ನಾಚಿಕಿ. ಇವ್ರು ಲೈಟ್ ಹಚ್ಚಿ ತೋರಸ್ತಾರ ನೋಡ, ಥೂ!"

ಗ್ಯಾಲರಿಯೊಳಗೆ ನಮ್ಮ ಕೌದಿ ಬಿಳಿ ಗೋಡೆಗೆ ಜೋತುಬಿದ್ದಿತ್ತು. ಮುಂದೊಂದು ಹಗ್ಗ, ಮುಟ್ಟಬೇಡಿ ಎಂಬ ಫಲಕ. ಏಸಿಯ ಥಂಡಿಗೆ ಅತ್ತಿ ಸೆರಗು ಹೊದ್ದುಕೊಂಡಳು. "ಗ್ವಾಡಿಗೆ ಥಂಡಿ ಆಗೈತೇನ?" ಎಂದವಳೇ ಹಗ್ಗ ದಾಟಿ ಮೂಲೆ ಹಿಚುಕಿದಳು. ಚಪ್ಪಟೆ!

"ಹೋಳಿಗಿ ಎಲ್ಲೈತಿ?"

"ಇರುವೆ ಬರ್ತಿತ್ತು ಅಜ್ಜಿ, ಬಿಚ್ಚಿ ತೆಗೆದ್ವಿ," ಎಂದಳು ಹುಡುಗಿ ನಗುತ್ತ. "ಇದನ್ನ ಇಲ್ಲೇ ಬಿಟ್ಬಿಡಿ. ಶಾಶ್ವತವಾಗಿ ಉಳಿಯುತ್ತೆ."

"ಹೊಟ್ಟಿ ಬಗದು ಉಳಸ್ತೀಯೇನ?"

ಅತ್ತಿ ಕೌದಿಯನ್ನು ಎಳೆದು ಇಳಿಸಿಯೇಬಿಟ್ಟಳು. ಅಲ್ಲೇ ನೆಲಕ್ಕೆ ಕೂತು, ಬುತ್ತಿಗಂಟಿನಿಂದ ಹೋಳಿಗೆ ಮುರಿದು ಮೂಲೆಗಿಟ್ಟು, ಸೂಜಿ ಪೋಣಿಸಿದಳು. ಗ್ಲಾಸು ಹಿಡಿದು ನಿಂತಿದ್ದ ದೊಡ್ಡಮಂದಿ ಇದೂ ಪ್ರದರ್ಶನವೆಂದೇ ತಿಳಿದು ಸುತ್ತುಗಟ್ಟಿ ಫೋಟೊ ಹೊಡೆದುಕೊಂಡರು, ಚಪ್ಪಾಳೆ ತಟ್ಟಿದರು. ನನಗೋ ಮೈಯೆಲ್ಲ ಉರಿಯಿತು. ಅತ್ತಿಯ ತುಟಿ ಎದ್ದಿತು: "ಚಪ್ಪಾಳಿ ಬ್ಯಾಡ್ರಿ, ಇದು ಆಟಲ್ಲ. ಜರಾ ಬೆಳಕ ಬಿಡ್ರಿ."

ಮೊಮ್ಮಗ ಹುಟ್ಟಿದ. ಅವನಿಗೆ ಅತ್ತಿಯೇ ಕೌದಿ ಹೊಚ್ಚಿದಳು. ಅವನು ಅದರ ಮೇಲೇ ಉಚ್ಚೆ ಹೊಯ್ದಾಗ, "ಈಗ ಕೌದಿ ಆತ್ ನೋಡ!" ಎಂದು ಬಾಯಿತುಂಬ ನಕ್ಕಳು. ಆ ಚಳಿಗಾಲ ಅವಳು ದಾಟಲಿಲ್ಲ.

ಮೊನ್ನೆ ಗ್ಯಾಲರಿ ಹುಡುಗಿಯ ಫೋನು. "ಅಜ್ಜಿ ಹೋದ್ರಂತೆ. ಅವರ ನೆನಪಿಗಾದ್ರೂ ಆ ಕೌದಿ ಕೊಡಿ. ಗೋಡೆ ಹಾಗೇ ಖಾಲಿ ಇದೆ." ಕೂಸು ಅದರೊಳಗೇ ಮಲಗಿತ್ತು. ನನ್ನ ಮೇಲ್ದುಟಿ ಎಡಕ್ಕೆ ಎದ್ದದ್ದು ನನಗೇ ತಿಳಿಯಿತು.

"ಗ್ವಾಡಿಗೆ ಥಂಡಿ ಆಗೈತೇನವಾ?" ಎಂದು ಫೋನಿಟ್ಟೆ.