ಮುರಿದ ಸೂಜಿಯ ಕೊನೆಯ ಚೂರು

ಬೆಳಗಿನ ಆರು ಗಂಟೆ. ಬಟ್ಟೆ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ ಟ್ಯೂಬ್‌ಲೈಟುಗಳು ಒಂದೊಂದಾಗಿ ಕಣ್ಣು ಬಿಡುತ್ತಿವೆ. ಮುನ್ನೂರು ಮಷಿನ್‌ಗಳು ಇನ್ನೂ ಮುಸುಕು ಹೊದ್ದು ಮಲಗಿವೆ. ಬಾಗಿಲ ಪಕ್ಕದ ಚಿಕ್ಕ ಮೇಜಿನ ಹಿಂದೆ ಒಬ್ಬ ಹೆಂಗಸು ಡಬ್ಬಿಯಿಂದ ಸೂಜಿ ತೆಗೆದು, ಬೆಳಕಿಗೆ ಹಿಡಿದು, ಮೊನೆ ನೋಡಿ, ಎಣಿಸಿ ಇಡುತ್ತಿದ್ದಾರೆ. ಇಲ್ಲಿನವರಿಗೆಲ್ಲ ಅವರು ಸೂಜಿಯಕ್ಕ.

ಇಲ್ಲಿ ಹೊಲಿಯುವುದು ಮಕ್ಕಳ ಬಟ್ಟೆ. ಹಾಗಾಗಿ ಸೂಜಿ ಮುರಿದರೆ ಒಂದು ಚೂರೂ ಬಿಡದೆ ಹುಡುಕಿ ತರಬೇಕು. ಸೂಜಿಯಕ್ಕ ಅವನ್ನು ಕಾಗದದ ಮೇಲೆ ಜೋಡಿಸಿ, ಇಡೀ ಸೂಜಿ ಆಯಿತೆಂದು ಖಾತ್ರಿಯಾದ ಮೇಲೆ ಟೇಪು ಅಂಟಿಸಿ, ಹೊಸದನ್ನು ಕೊಡುತ್ತಾರೆ. ದಿನಕ್ಕೆ ಹತ್ತು ಹನ್ನೆರಡಾದರೂ ಮುರಿಯುತ್ತವೆ.

ಎಂಟು ಗಂಟೆಗೆ ಟೈಲರ್ ಒಬ್ಬಳು ಮುಖ ಬಿಳುಚಿಕೊಂಡು ಓಡಿಬರುತ್ತಾಳೆ.

"ಅಕ್ಕಾ, ಮೊನೆ ಸಿಗ್ತಿಲ್ಲ. ನನ್ನ ಹಣೆಬರಹವೇ ಇಷ್ಟು!"

"ಹಣೆಬರಹ ಆಮೇಲೆ ನೋಡೋಣ, ಮೊದ್ಲು ಬೆರಳು ತೋರ್ಸು. ಚುಚ್ಚಿತಾ?"

ಇಬ್ಬರೂ ಅಯಸ್ಕಾಂತ ಹಿಡಿದು ಮಷಿನ್ ಕೆಳಗೆ ಮಂಡಿಯೂರುತ್ತಾರೆ. ಐದು ನಿಮಿಷಕ್ಕೆ ಮೊನೆ ಸಿಗುತ್ತದೆ, ಅವಳದೇ ಚಪ್ಪಲಿಯ ಅಂಚಿನಲ್ಲಿ. "ನೋಡೇ, ಕಾಲಲ್ಲಿದ್ದಿದ್ದಕ್ಕೆ ಹಣೆ ಯಾಕೆ ಬಡ್ಕೊಂಡೆ?" ಅಳು ಬಂದಿದ್ದವಳು ನಕ್ಕುಬಿಡುತ್ತಾಳೆ.

ಬೆರಳಿನ ವಿಚಾರ ಮೊದಲು ಕೇಳುವುದಕ್ಕೆ ಕಾರಣವಿದೆ. ನಾಲ್ಕು ವರ್ಷದ ಹಿಂದೆ ಸೂಜಿಯಕ್ಕನೂ ಟೈಲರ್. ಒಂದು ದಿನ ಸೂಜಿ ಮುರಿದು ಮೊನೆ ಕಾಣೆಯಾಯಿತು. ಚುಚ್ಚಿತೇ ಎಂದು ಕೇಳುವವರಿರಲಿಲ್ಲ, ಬೈಯುವವರೇ ಇದ್ದರು; ಆ ಬೈಗುಳಕ್ಕೆ ಹೆದರಿ, ಹಳೆಯ ಸೂಜಿಯೊಂದರ ಮೊನೆ ಮುರಿದು ಸೇರಿಸಿ ಕೊಟ್ಟುಬಿಟ್ಟರು. ಮರುದಿನ ಬೆಳಿಗ್ಗೆ ತಡೆಯಲಾಗದೆ ತಾವೇ ಹೋಗಿ ಸೂಪರ್‌ವೈಸರಿಗೆ ನಡೆದದ್ದನ್ನು ಹೇಳಿದರು. ಪ್ಯಾಕ್ ಆಗಿದ್ದ ಇನ್ನೂರ ನಲವತ್ತು ಅಂಗಿಗಳನ್ನು ಬಿಚ್ಚಿ ಹುಡುಕಿದರು. ಯಾವುದರಲ್ಲೂ ಇರಲಿಲ್ಲ. ಮೊನೆ ಅವರದೇ ಮೇಜಿನ ಸಂದಿಯಲ್ಲಿ ಕೂತಿತ್ತು.

"ಯಾವ ಮಗುಗೂ ಚುಚ್ಚಲಿಲ್ಲ, ಸರಿ. ಆದ್ರೆ ನನಗೆ ಚುಚ್ಚೋದು ನಿಲ್ಲಲಿಲ್ಲ," ಎನ್ನುತ್ತಾರೆ. "ಹಾಲು ಉಕ್ಕಿದ್ರೂ ನನ್ನಿಂದ, ಮೊಮ್ಮಗಳು ಕೆಮ್ಮಿದ್ರೂ ನನ್ನಿಂದ. ನಾನು ಮುಟ್ಟಿದ್ದೆಲ್ಲ ಕೆಡುತ್ತೆ ಅನ್ಸೋದು." ಮಷಿನ್ ಮುಂದೆ ಕೂತರೆ ನಾಲ್ಕು ಹೊಲಿಗೆಗೊಮ್ಮೆ ನಿಲ್ಲಿಸಿ, ಸೂಜಿಯ ಮೊನೆ ಇದೆಯೇ ಎಂದು ನೋಡುತ್ತಿದ್ದರು. ಅತ್ತೆಯದು ಬೇರೆ ಮಾತು: "ಯೋಚ್ನೆ ಮಾಡೋಕೆ ಸಂಬಳ ಕೊಡೋ ಹಾಗಿದ್ರೆ ನೀನು ಇಷ್ಟೊತ್ತಿಗೆ ಮಹಡಿ ಮನೆ ಕಟ್ಟಿರ್ತಿದ್ದೆ ಬಿಡು."

ಕೆಲಸ ಬಿಡಲು ಹೋದಾಗ ಸೂಪರ್‌ವೈಸರ್ ತಡೆದರು. "ನಿಮ್ಮಷ್ಟು ಹೆದರೋರೇ ಸೂಜಿ ಮೇಜಿಗೆ ಬೇಕಮ್ಮ."

ಮನಸ್ಸಿಗೆ ಹಿಡಿತ ಸಿಕ್ಕಿದ್ದು ಆ ಮೇಜಿನ ಮುಂದೆಯೇ. "ಇಲ್ಲಿ ಸಿಕ್ಕಿದ ಚೂರು ಮಾತ್ರ ಜೋಡಿಸ್ಬೇಕು, ಎಲ್ಲಿಂದಲೋ ತಂದು ಅಂಟಿಸೋ ಹಾಗಿಲ್ಲ. ಯೋಚ್ನೆಗೂ ಹಾಗೇ ಮಾಡ್ದೆ. ನಡೆದಿದ್ದೇನು, ನಾನಾಗೇ ಸೇರಿಸ್ಕೊಂಡಿದ್ದೇನು? ಹಾಲು ಉಕ್ಕಿತು, ಅದು ನಿಜ. ನಾನು ಕೆಟ್ಟೋಳು ಅನ್ನೋದು ಬೇರೆ ಸೂಜಿ ಚೂರು. ಆದ್ರೆ ದಿನಾ ಜೋಡಿಸ್ಬೇಕು. ಕೆಲವು ದಿನ ಇವತ್ತಿಗೂ ಕೂಡಲ್ಲ."

ಒಂದು ಮಾತ್ರ ಬಾಕಿ ಇತ್ತು. ಮೊಮ್ಮಗಳಿಗೊಂದು ಫ್ರಾಕ್ ಹೊಲಿದುಕೊಡೆಂದು ಮಗಳು ಬಟ್ಟೆ ತಂದುಕೊಟ್ಟು ವರ್ಷವಾಗಿತ್ತು. ಕತ್ತರಿಸಿದ ತುಂಡುಗಳು ಪೆಟ್ಟಿಗೆಯಲ್ಲೇ ಇದ್ದವು. ಕಳೆದ ಭಾನುವಾರ ಸೂಜಿಯಕ್ಕ ಮನೆಯ ಮಷಿನ್ ಮೇಲಿನ ಮುಸುಕು ತೆಗೆದಿದ್ದಾರೆ. ಹಳದಿ ಫ್ರಾಕ್ ತೊಟ್ಟ ಮಗುವಿನ ಚಿತ್ರ ಈಗ ಅವರ ಫೋನಿನಲ್ಲಿದೆ.

ಬೆಳಗಿನ ಟೈಲರ್ ಊಟದ ಹೊತ್ತಿಗೆ ಅದನ್ನು ನೋಡಿ ಕೇಳುತ್ತಾಳೆ, "ಸೂಜಿ ಮುರೀಲಿಲ್ಲ ತಾನೇ ಅಕ್ಕಾ?"

"ಮುರೀತು. ಎರಡನೇ ತೋಳು ಹೊಲೀತಿದ್ದೆ."

"ಅಯ್ಯೋ! ಆಮೇಲೆ?"

"ಆಮೇಲೇನು, ಹುಡುಕ್ದೆ. ಸಿಕ್ತು. ಹೊಸದು ಹಾಕ್ಕೊಂಡು ಹೊಲ್ದೆ."