ಬ್ರೇಕ್ ಹಾಕದ ಪೆಟ್ಟು

ನನ್ನ ಸೋದರಮಾವ ಊರಿಗಾಂನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ಅಲ್ಲಿನ ಚಿನ್ನದ ಗಣಿಯ ಸಾಹೇಬರೊಬ್ಬರಿಗೆ ಹದಿನೈದು ವರ್ಷ ಡ್ರೈವರಾಗಿದ್ದು, ಅವರು ಊರು ಬಿಟ್ಟು ಹೋಗುವಾಗ ಅವರ ಕಪ್ಪು ಅಂಬಾಸಡರನ್ನೇ ಕೊಂಡಿದ್ದ. ಬಂಗಾರಪೇಟೆಯಲ್ಲಿ ರೈಲು ಹಿಡಿಯುವವರು, ಹೆರಿಗೆಗೆ ಹೊರಟವರು, ಹೆಣ್ಣು ನೋಡಲು ಹೋಗುವವರು ಎಲ್ಲರಿಗೂ ಅವನ ಕಾರೇ ಆಗಬೇಕು. ಅಪ್ಪ ತೀರಿಕೊಂಡ ಮೇಲೆ ಅವ್ವನನ್ನೂ ನನ್ನನ್ನೂ ಗಣಿಯವರು ಸಾಲಾಗಿ ಕಟ್ಟಿಸಿದ್ದ ಲೈನ್ ಮನೆಗಳಲ್ಲಿ ತನ್ನದರ ಒಂದು ಕೋಣೆಯಲ್ಲಿಟ್ಟು ಸಾಕಿದವನು ಅವನು. ನನ್ನನ್ನು ಗಾಡಿಗಳ ತಗಡು ತಟ್ಟಿ ನೆಟ್ಟಗೆ ಮಾಡುವ ಟಿಂಕರ್ ಕೆಲಸಕ್ಕೆ ಹಚ್ಚಿದವನೂ ಅವನೇ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಬಂಗಾರಪೇಟೆಯಲ್ಲಿ ರಸ್ತೆಯ ಬದಿಗೆ ತಗಡಿನ ಶೆಡ್ಡು ಹಾಕಿಕೊಂಡು ಸ್ವಂತ ಕೆಲಸ ಶುರು ಮಾಡಿದ್ದೆ. ಒಂದು ಬೆಳಿಗ್ಗೆ ಮಾವನ ಕಾರು ಬಂದು ನಿಂತಿತು. ಮುಂದಿನ ಬಂಪರ್ ಎಡಗಡೆ ಒಳಕ್ಕೆ ಹೋಗಿತ್ತು.

"ಸಣ್ಣದು ಕಣ್ಲಾ," ಎಂದ ಮಾವ, ಇಳಿಯುವ ಮುಂಚೆಯೇ. "ಸಂತೆ ತಾವ ಇಟ್ಟಿಗೆ ಟ್ರೇಲರ್ ನಿಂತಿತ್ತು. ನಾಯಿ ಅಡ್ಡ ಬಂತು. ಬ್ರೇಕ್ ಒತ್ತಿದೆ, ಮೆಲ್ಲಗೆ ಓಗಿ ತಾಕ್ತು."

ಪೆಟ್ಟು ತಿಂದ ಗಾಡಿಗೆ ನಾನು ಮೊದಲೇ ಕೈ ಹಾಕುವುದಿಲ್ಲ. ಒಂದು ಸುತ್ತು ಬಂದು ನೋಡುತ್ತೇನೆ. ಬಾನೆಟ್ಟು ಸರಿಯಾಗಿ ಕೂತಿದೆಯೇ, ಮಡ್‌ಗಾರ್ಡ್‌ಗೂ ಅದಕ್ಕೂ ನಡುವಿನ ಸಂದು ಎರಡೂ ಕಡೆ ಒಂದೇ ಸಮ ಇದೆಯೇ, ರೇಡಿಯೇಟರಿನಿಂದ ನೀರು ಜಿನುಗುತ್ತಿದೆಯೇ. ಎಲ್ಲವೂ ನೆಟ್ಟಗಿದ್ದವು. ಕೆಳಗೆ ಮಲಗಿ ನೋಡಿದರೆ, ಬಂಪರನ್ನು ಹಿಡಿದುಕೊಳ್ಳುವ ಎಡಗಡೆಯ ಕಬ್ಬಿಣದ ಪಟ್ಟಿ ಮಾತ್ರ ಬಾಗಿತ್ತು, ಅದರ ಹಿಂದಿನ ತಗಡು ಮುದುರಿತ್ತು. ಅರ್ಧ ದಿನದ ಕೆಲಸ.

ಆದರೆ ಪೆಟ್ಟು ಬಿದ್ದ ಜಾಗ ನನಗೆ ಸರಿಬರಲಿಲ್ಲ. ಬ್ರೇಕ್ ಒತ್ತಿದರೆ ಕಾರಿನ ಮೂತಿ ಕೆಳಕ್ಕೆ ಬಗ್ಗುತ್ತದೆ. ಆಗ ಟ್ರೇಲರಿನ ಹಿಂದಿನ ಕಂಬಿ ಬಂಪರಿನ ಮೇಲಂಚಿಗೆ ಉಜ್ಜಿಕೊಂಡು ಗ್ರಿಲ್ಲಿಗೆ ಬಡಿಯಬೇಕು. ಇಲ್ಲಿ ಗ್ರಿಲ್ಲಿಗೆ ಒಂದು ಗೀರೂ ಇರಲಿಲ್ಲ. ಕಂಬಿಯ ಅಚ್ಚು ಬಂಪರಿನ ನಟ್ಟನಡುವೆ ಗೆರೆ ಎಳೆದಂತೆ ಮೂಡಿತ್ತು.

"ಮಾವ, ನೀನು ಬ್ರೇಕ್ ಒತ್ತಿಲ್ಲ," ಎಂದೆ.

"ನಂಗೇ ಪಾಠ ಏಳ್ತೀಯೇನ್ಲಾ? ಬಿಚ್ಚಿ ತಟ್ಟು, ಮಧ್ಯಾಹ್ನಕ್ಕೆ ಬಾಡಿಗೆ ಐತೆ."

ನಾನು ನಟ್ಟುಗಳನ್ನು ಬಿಚ್ಚಿ ಬಂಪರನ್ನು ತೆಗೆದು ಅವನ ಎಡಕ್ಕೆ ನೆಲದ ಮೇಲಿಟ್ಟೆ. ಬೇಕೆಂದೇ ಇಟ್ಟೆನೋ, ಜಾಗವಿದ್ದದ್ದೇ ಅಲ್ಲಿ ಎಂದು ಇಟ್ಟೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮಾವ ಬೀಡಿ ಹಚ್ಚಿಕೊಂಡು ಎಡಕ್ಕೆ ತಿರುಗಿದ. ಆಳುದ್ದದ, ಬಿಸಿಲಿಗೆ ಫಳಫಳ ಹೊಳೆಯುತ್ತಿದ್ದ ಬಂಪರ್ ಅವನಿಗೆ ಕಾಣಲಿಲ್ಲ. ಎಡವಿ ಅಂಗೈ ಊರಿ ಬಿದ್ದ.

ಎತ್ತಲು ಹೋದರೆ ಕೈ ಕೊಡವಿದ. ಅಲ್ಲೇ ನೆಲದ ಮೇಲೆ ಕೂತು, ಕೈಜಾರಿ ಬಿದ್ದ ಬೀಡಿಗೆ ತಡಕಾಡಿದ.

"ಎಡಗಣ್ಣು ಓಗಿ ಆರು ತಿಂಗಳಾಯ್ತು," ಎಂದ. "ಡಾಕ್ಟ್ರು ಏಳವ್ರೆ, ಕಣ್ಣೊಳಗೆ ಒತ್ತಡ ಅಂತೆ. ನರ ಸತ್ತೋಗೈತೆ. ಬಲಗಣ್ಣೂ ಮೆಲ್ಲಗೆ ಅದೇ ದಾರಿ ಇಡ್ದೈತೆ. ನಿಮ್ಮತ್ತೆಗೂ ಏಳಿಲ್ಲ. ನೀನೂ ಏಳ್ಬ್ಯಾಡ."

"ಇನ್ನು ಓಡಿಸ್ಬ್ಯಾಡ ಮಾವ."

"ಸ್ಟೇರಿಂಗ್ ಬಿಟ್ರೆ ನಾನು ಯಾರ್ಲಾ?"

ನಾನು ಕೆಲಸಕ್ಕೆ ಕೂತೆ. ಪಟ್ಟಿಯನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ನೆಟ್ಟಗೆ ಮಾಡಿದೆ. ಬಂಪರನ್ನು ರೈಲುಕಂಬಿಯ ತುಂಡಿನ ಮೇಲೆ ಬೋರಲಾಗಿಟ್ಟು, ಕೆಳಗೆ ಗೋಣಿ ಹಾಸಿ, ಮರದ ತುಂಡು ಕೊಟ್ಟು ಹಿಂದಿನಿಂದ ತಟ್ಟಿದೆ. ಹೊಳಪು ಎದ್ದುಹೋದ ಕಡೆ ಬೆಳ್ಳಿಬಣ್ಣ ಬಳಿದೆ. ಅಷ್ಟು ಅಚ್ಚುಕಟ್ಟಾಗಿ ಅಲ್ಲಿಯವರೆಗೆ ನಾನು ಯಾರ ಗಾಡಿಯನ್ನೂ ಮಾಡಿರಲಿಲ್ಲ. ಮಾವ ಅಂಗೈಯಿಂದ ಉದ್ದಕ್ಕೂ ಸವರಿ ನೋಡಿದ.

"ಪೆಟ್ಟು ಬಿದ್ದಿದ್ದೇ ಕೈಗೆ ಗೊತ್ತಾಗಲ್ಲ ಕಣ್ಲಾ," ಎಂದ. ನನಗೆ ಹೆಮ್ಮೆಯಾಯಿತು. ಈಗ ನೆನೆದರೆ ಮೈ ಹಿಡಿಯಾಗುವುದು ಆ ಹೆಮ್ಮೆಗೇ.

ಮೂರನೇ ವಾರ ಸುದ್ದಿ ಬಂತು. ಬೂದಿಕೋಟೆ ರಸ್ತೆಯಲ್ಲಿ ಬೆಳಗಿನ ಹೊತ್ತು, ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಟಿದ್ದ ಹಾಲಿನವನ ಸೈಕಲ್ಲಿಗೆ ಮಾವನ ಕಾರು ತಾಕಿತ್ತು. ಜೋರಾಗೇನೂ ಅಲ್ಲ. ಪ್ಯಾಸೆಂಜರ್ ಇಳಿಸಲು ಕಾರನ್ನು ಎಡಕ್ಕೆ ತರುತ್ತಿದ್ದನಂತೆ, ನಡೆದುಕೊಂಡು ಹೋಗುವಷ್ಟೇ ವೇಗ. ಆದರೆ ಬಿದ್ದವನ ಮೊಣಕಾಲು ಸೈಕಲ್ಲಿಗೂ ಬಂಪರಿಗೂ ನಡುವೆ ಸಿಕ್ಕಿಕೊಂಡಿತ್ತು. ಅವನನ್ನು ಬೇರೊಂದು ಗಾಡಿಯಲ್ಲಿ ಆಸ್ಪತ್ರೆಗೆ ಹಾಕಿದರು. ಊರ ಹಿರಿಯರು ಮಾತಾಡಿ ಕೇಸು ಬೇಡವೆಂದರು. ಮಾವ ಎಲ್ಲರ ಮುಂದೆಯೂ ನಾಯಿ ಅಡ್ಡ ಬಂತು ಎಂದೇ ಹೇಳಿದ್ದ.

ಮಾರನೆಯ ದಿನ ಪರಿಚಯದ ಡ್ರೈವರೊಬ್ಬ ಕಾರನ್ನು ನನ್ನ ಶೆಡ್ಡಿಗೆ ತಂದು ಬಿಟ್ಟ. ಪಕ್ಕದಲ್ಲಿ ಮಾವ ಕೂತಿದ್ದ. ನಾನು ಮತ್ತೆ ಒಂದು ಸುತ್ತು ಬಂದೆ. ನಾನು ನೆಟ್ಟಗೆ ಮಾಡಿದ ಅದೇ ಜಾಗ ತಗ್ಗಾಗಿತ್ತು. ಬೆಳ್ಳಿಬಣ್ಣದ ಮೇಲೆ ಪೆಡಲಿನ ರಬ್ಬರು ಕಪ್ಪಗೆ ಉಜ್ಜಿತ್ತು. ಬಂಪರ್ ಬಿಚ್ಚಿದರೆ ಒಳಮಡಿಕೆಯಲ್ಲಿ ಚೆಲ್ಲಿದ ಹಾಲು ಒಣಗಿ, ಹುಳಿ ನಾತ ಹೊಡೆಯುತ್ತಿತ್ತು. ಸೀಮೆಎಣ್ಣೆ ಅದ್ದಿದ ಬಟ್ಟೆಯಲ್ಲಿ ಒರೆಸಿದೆ. ಎಷ್ಟು ಒರೆಸಿದರೂ ನಾತ ಹೋಗಲಿಲ್ಲ.

"ಸಾಯಂಕಾಲಕ್ಕೆ ಆಗ್ತೈತಾ?" ಎಂದ ಮಾವ.

ನಾನು ಕಾರಿನ ಬೀಗದ ಕೈ ತೆಗೆದು ಜೇಬಿಗೆ ಹಾಕಿಕೊಂಡೆ. "ಇದನ್ನ ನಾನು ರಿಪೇರಿ ಮಾಡಲ್ಲ ಮಾವ. ಅತ್ತೆಗೆ ಏಳ್ತೀನಿ."

"ಬೀಗದ ಕೈ ಕೊಡ್ಲಾ."

"ಕೊಡಲ್ಲ."

ಕೆನ್ನೆಗೆಂದು ಬೀಸಿದ ಏಟು ಕಿವಿಯ ಮೇಲೆ ಬಿತ್ತು. "ನನ್ನ ಅನ್ನ ತಿಂದು ಬೆಳ್ದೋನು ನೀನು," ಎಂದ. ಮತ್ತೆ ಕೈಯೆತ್ತಲಿಲ್ಲ. ಬಸ್ ಸ್ಟ್ಯಾಂಡಿನ ಕಡೆಗೆ, ತಲೆಯನ್ನು ಪೂರಾ ಎಡಕ್ಕೆ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಾ, ರಸ್ತೆಯ ಅಂಚಿನಲ್ಲೇ ನಡೆದುಹೋದ.

ಆ ವಾರವೇ ಹಾಲಿನವನ ಊರಿಗೆ ಹೋದೆ. ಕಾಲಿಗೆ ಸಿಮೆಂಟಿನ ಪಟ್ಟಿ ಹಾಕಿಸಿಕೊಂಡು ಜಗಲಿಯ ಮೇಲೆ ಮಲಗಿದ್ದ. ನನಗಿಂತ ನಾಲ್ಕೈದು ವರ್ಷ ದೊಡ್ಡವನು. ಯಾರೆಂದು ಹೇಳಿಕೊಂಡು, ಮಾವನ ಕಣ್ಣಿನ ವಿಷಯ ಹೇಳಿ, ನನಗೆ ಅದು ಮೊದಲೇ ಗೊತ್ತಿತ್ತು ಎಂದೂ ಹೇಳಿದೆ.

"ಗೊತ್ತಿದ್ದೂ ರಿಪೇರಿ ಮಾಡಿ ಕೊಟ್ರಾ?" ಎಂದ.

"ಹೂಂ."

ಅವನ ಹೆಂಡತಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಬೈಯುತ್ತಾಳೆಂದುಕೊಂಡೆ. ಅವಳು ಒಳಗೆ ಹೋದವಳು ಮತ್ತೆ ಹೊರಗೆ ಬರಲಿಲ್ಲ. ಅವನೇ, "ಬಿಸ್ಲಲ್ಲಿ ಬಂದಿದ್ದೀರ, ನೀರು ಕುಡ್ದು ಓಗಿ," ಎಂದು ಪಕ್ಕದ ಚೊಂಬನ್ನು ನನ್ನ ಕಡೆ ಸರಿಸಿದ. ಕುಡಿದೆ. ಆ ಕಾಲು ಮುಂದೆ ಎಂದೂ ಮಡಚಲು ಬರಲಿಲ್ಲ. ಅವನು ಮತ್ತೆ ಸೈಕಲ್ ತುಳಿಯಲಿಲ್ಲ.

ಅತ್ತೆಗೆ ಎಲ್ಲ ತಿಳಿದ ಮೇಲೆ ಮನೆಯಲ್ಲಿ ಎರಡು ದಿನ ಒಲೆ ಹಚ್ಚಲಿಲ್ಲವೆಂದು ಅವ್ವ ಹೇಳಿದಳು. ಕಾರನ್ನು ಬಂಪರಿಲ್ಲದೆಯೇ ಕಾಮಸಮುದ್ರದ ಕಡೆಯವರು ಕೊಂಡುಹೋದರು. ಬಂದ ಹಣದಲ್ಲಿ ಮಾವ ಹಾಲಿನವನ ಮನೆಗೆ ಎರಡು ಸೀಮೆಹಸು ಕೊಡಿಸಿದ. ಯಾರೂ ಕೇಳಿರಲಿಲ್ಲ, ತಾನೇ ಬಸ್ಸಿನಲ್ಲಿ ಹೋಗಿ ಹಗ್ಗ ಅವರ ಕೈಗಿತ್ತು ಬಂದನಂತೆ.

ನನ್ನೊಡನೆ ಮಾತ್ರ ಅವನು ಮಾತಾಡಲಿಲ್ಲ. ಭಾನುವಾರ ಭಾನುವಾರ ನಾನು ಊರಿಗಾಂಗೆ ಹೋಗಿ ಎದುರಿಗೆ ಕೂರುತ್ತಿದ್ದೆ. ಬಲಗಣ್ಣೂ ಮಂಜಾಗಿ, ಆಮೇಲೆ ಕತ್ತಲಾಗಿ, ಮಾವ ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದ. ಮಧ್ಯಾಹ್ನವಾದರೆ ಒಳಗಡೆ ಮುಖ ಮಾಡಿ ಅತ್ತೆಗೆ, "ಬಂದೋನಿಗೆ ಮುದ್ದೆ ಇಕ್ಕು," ಎನ್ನುತ್ತಿದ್ದ. ನಾನು ಉಂಡು ಕೈ ತೊಳೆಯುವವರೆಗೂ ತಾನು ತಟ್ಟೆಗೆ ಕೈ ಹಾಕುತ್ತಿರಲಿಲ್ಲ. ಸಾಯುವವರೆಗೆ ನಾಲ್ಕು ವರ್ಷ ನಮ್ಮಿಬ್ಬರ ನಡುವೆ ಉಳಿದದ್ದು ಅಷ್ಟೇ.